ಮರೂನ್ ಬೆರೆಟ್ ಸಿಗದಿದ್ದರೂ ಹೋಗ್ತೀಯಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆತ ಒಪ್ಪಿದ್ದಾನೆ.)

ಸಲಹೆ ಕೇಳಲು ನನ್ನ ಕೋಣೆಗೆ ಬಂದ ಹುಡುಗ ಕೂರುವ ಮೊದಲೇ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟ. ಒಂದು ಎಂ.ಟೆಕ್ ಸೀಟಿನ ಪತ್ರ. ಇನ್ನೊಂದು ಎಸ್‌ಎಸ್‌ಬಿ (ಸೇನಾಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನದ ಕರೆ. ವಯಸ್ಸು 23. ಅಂಗೈಯಲ್ಲಿ ಚರ್ಮ ಗಟ್ಟಿಯಾಗಿ, ಒಂದು ಕಡೆ ಕಿತ್ತು ಬಂದಿತ್ತು. ದಿನಾ ಬೆಳಿಗ್ಗೆ ಕಂಬಿ ಹಿಡಿದು ಪುಲ್‌ಅಪ್ ಮಾಡ್ತಾನಂತೆ. ಮಾತಾಡುವಾಗೆಲ್ಲ ಆ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

"ಎರಡರಲ್ಲಿ ಯಾವುದು ಅಂತ ನೀವೇ ಹೇಳಿಬಿಡಿ ಮೇಡಂ" ಅಂದ.

ಹೇಳಲಿಲ್ಲ. ಸೈನ್ಯಕ್ಕೆ ಹೋಗಿ ಏನಾಗಬೇಕು ಅಂತ ಕೇಳಿದೆ. ಉತ್ತರ ತಕ್ಷಣ ಬಂತು: ಪ್ಯಾರಾ ಸ್ಪೆಷಲ್ ಫೋರ್ಸಸ್, ಅಂದರೆ ಮರೂನ್ ಬಣ್ಣದ ಬೆರೆಟ್ ಟೋಪಿ ತೊಡುವ ಸೇನೆಯ ವಿಶೇಷ ಪಡೆ. ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡಿದ. ಹೆಲಿಕಾಪ್ಟರ್, ಕಾಡು, ರಾತ್ರಿ ಕಾರ್ಯಾಚರಣೆ ಎಲ್ಲ ಬಂತು. ಅವನ ಕೈಕೆಳಗೆ ಇರಬೇಕಾದ ಜವಾನರ ಬಗ್ಗೆ ಒಂದು ಮಾತೂ ಬರಲಿಲ್ಲ. ನನಗೆ ಅಲ್ಲೇ ಏನೋ ಸರಿ ಇಲ್ಲ ಅನ್ನಿಸಿತು.

ಮೊದಲ ಅನುಮಾನ, ಓದಿನಿಂದ ತಪ್ಪಿಸಿಕೊಳ್ಳುತ್ತಿದ್ದಾನಾ ಅಂತ. "ಓದು ಬೇಡ ಅಂತ ಸೈನ್ಯವೋ, ಸೈನ್ಯ ಬೇಕು ಅಂತ ಸೈನ್ಯವೋ?" ಅಂತ ನೇರವಾಗಿ ಕೇಳಿದೆ. ಇಲ್ಲ, ಹುಡುಗನಿಗೆ ಓದು ನಿಜವಾಗಿಯೂ ಇಷ್ಟ. ಕಂಟ್ರೋಲ್ ಸಿಸ್ಟಮ್ಸ್ ಬಗ್ಗೆ ಹೇಳುವಾಗ ಹೆಬ್ಬೆರಳು ಸುಮ್ಮನಾಯಿತು.

ಆಮೇಲೆ ವಯಸ್ಸಿನ ಲೆಕ್ಕ ಹಾಕಿದೆವು. ಸೇನಾಧಿಕಾರಿಯಾಗಲು ಬರೆಯುವ ಸಿಡಿಎಸ್ ಪರೀಕ್ಷೆ ವರ್ಷಕ್ಕೆ ಎರಡು ಸಲ ಇದ್ದರೂ ಡೆಹ್ರಾಡೂನಿನ ತರಬೇತಿ ಅಕಾಡೆಮಿ ಐಎಂಎಗೆ 24ರ ಮಿತಿ ಇದೆ. ಚೆನ್ನೈನ ಅಕಾಡೆಮಿ ಒಟಿಎಗೆ ಒಂದು ವರ್ಷ ಜಾಸ್ತಿ. ಎಂಜಿನಿಯರಿಂಗ್ ಓದಿದವರಿಗೆ 27ರವರೆಗೆ ಟಿಜಿಸಿ ಅನ್ನುವ ಬೇರೆ ಪ್ರವೇಶದ ದಾರಿ ಇದೆ, ಆದರೆ ಅದು ಹೆಚ್ಚಾಗಿ ತಾಂತ್ರಿಕ ವಿಭಾಗಗಳಿಗೆ. ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಅಂಕ ಮೂರು ವರ್ಷ ನಡೆಯುತ್ತದೆ. ಎಂ.ಟೆಕ್‌ಗೆ ಮೂವತ್ತರಲ್ಲೂ ಹೋಗಬಹುದು. ಸೇನೆಯೇ ತನ್ನ ಅಧಿಕಾರಿಗಳನ್ನು ಐಐಟಿಗಳಿಗೆ ಎಂ.ಟೆಕ್‌ಗೆ ಕಳಿಸುವುದುಂಟು. ಅಂದರೆ ಕಾಯುವ ಬಾಗಿಲು ಯಾವುದು, ಮುಚ್ಚುವ ಬಾಗಿಲು ಯಾವುದು ಅಂತ ಅವನಿಗೆ ಕಾಣಿಸಿತು. ಮುಖ ಅರಳಿತು. "ಹಾಗಾದ್ರೆ ಸೈನ್ಯವೇ ಅಲ್ವಾ ಮೇಡಂ?"

ಇಷ್ಟಕ್ಕೇ ಬಿಟ್ಟಿದ್ದರೆ ನಾನು ತಪ್ಪು ಮಾಡಿದಂತಾಗುತ್ತಿತ್ತು.

ಪ್ಯಾರಾ ಎಸ್‌ಎಫ್ ಅನ್ನುವುದು ಪರೀಕ್ಷೆ ಬರೆದು ಗಳಿಸುವ ಸೀಟಲ್ಲ. ಮೊದಲು ಅಧಿಕಾರಿಯಾಗಬೇಕು. ತಾನಾಗಿ ಮುಂದೆ ಬಂದು ತಿಂಗಳುಗಟ್ಟಲೆ ಪ್ರೊಬೇಷನ್ ಮುಗಿಸಬೇಕು. ಅದರಲ್ಲಿ ಉಳಿಯುವವರು ಕಡಿಮೆ. ಒಂದು ಮೊಣಕಾಲಿನ ಗಾಯ ಸಾಕು, ವಾಪಸ್ ಬರಲು. ಆಗ ಉಳಿಯುವುದು ಸಾಮಾನ್ಯ ರೆಜಿಮೆಂಟಿನ ಕೆಲಸ: ಗಡಿಯ ಪೋಸ್ಟು, ತರಬೇತಿ, ರಜೆ ಕೇಳಿ ಬರುವ ಜವಾನ, ಅವನ ಮನೆಯ ತಾಪತ್ರಯ.

"ಬೆರೆಟ್ ಸಿಗಲಿಲ್ಲ ಅಂದುಕೋ. ಆ ಕೆಲಸ ನಿನಗೆ ಬೇಕಾ?"

ಬಹಳ ಹೊತ್ತು ಸುಮ್ಮನಿದ್ದ. "ಅದನ್ನು ಯೋಚನೆ ಮಾಡಿಲ್ಲ" ಅಂದ.

ನಾನು ಕೊಟ್ಟ ಸಲಹೆ ಇಷ್ಟು. ಈಗಲೇ ಯಾವುದನ್ನೂ ಬಿಡಬೇಡ. ಎಸ್‌ಎಸ್‌ಬಿ ಐದು ದಿನದ್ದು, ಮೊದಲ ದಿನವೇ ಎಷ್ಟೋ ಜನರನ್ನು ಮನೆಗೆ ಕಳಿಸುತ್ತಾರೆ. ಅದಾದ ಮೇಲೆ ವೈದ್ಯಕೀಯ ಪರೀಕ್ಷೆ, ಮೆರಿಟ್ ಪಟ್ಟಿ. ಇನ್ನೂ ಕೈಗೆ ಬಾರದ ಕೆಲಸಕ್ಕಾಗಿ ಸೀಟು ಕಳೆದುಕೊಳ್ಳುವುದು ಬೇಡ. ನಡುವೆ ಬಿಟ್ಟರೆ ಶುಲ್ಕ ವಾಪಸ್ ಬರುತ್ತದಾ ಅಂತ ಕಾಲೇಜಿಗೆ ಬರೆದು ಕೇಳು. ರೆಜಿಮೆಂಟಿನಲ್ಲಿ ದುಡಿದು ನಿವೃತ್ತರಾದ ಅಧಿಕಾರಿ ಯಾರಾದರೂ ಸಿಕ್ಕರೆ ಹೋಗಿ ಮಾತಾಡು, ಬೇಸರದ ದಿನಗಳ ಬಗ್ಗೆಯೇ ಕೇಳು. ಆಮೇಲೆ ಬೆರೆಟ್ ಇಲ್ಲದ ನಿನ್ನ ಹತ್ತನೇ ವರ್ಷದ ಒಂದು ಮಾಮೂಲಿ ದಿನವನ್ನು ಎರಡು ಪುಟ ಬರಿ. ಅಮ್ಮನಿಗೆ ಇವತ್ತೇ ಹೇಳು. ಎಸ್‌ಎಸ್‌ಬಿ ಕರೆಯನ್ನು ಮನೆಯಲ್ಲಿ ಬಚ್ಚಿಟ್ಟಿದ್ದ. ಪಾಪ, ಆ ಭಾರವೇ ಅವನಿಗೆ ಜಾಸ್ತಿ ಆಗಿತ್ತು ಅನ್ನಿಸುತ್ತದೆ.

ಮೂರು ವಾರದ ನಂತರ ಮತ್ತೆ ಬಂದ. ಮೊದಲ ಪುಟದಲ್ಲಿ ಅರ್ಧಕ್ಕರ್ಧ ಹೊಡೆದು ಹಾಕಿದ್ದ. ಎರಡನೆಯದರಲ್ಲಿ ಒಬ್ಬ ಜವಾನ ಬಂದಿದ್ದ. ಮಗಳಿಗೆ ಹುಷಾರಿಲ್ಲ ಅಂತ ರಜೆ ಕೇಳುತ್ತಾನೆ, ಯಾರ ರಜೆ ಮುಂದೂಡಿ ಇವನನ್ನು ಕಳಿಸಲಿ ಅಂತ ಅಧಿಕಾರಿ ಯೋಚಿಸುತ್ತಾನೆ. ಓದಿ ಮುಗಿಸಿ ತಲೆಯೆತ್ತಿದೆ.

"ಇದಕ್ಕೂ ಹೋಗ್ತೀನಿ ಮೇಡಂ" ಅಂದ.

ಎಂ.ಟೆಕ್ ಶುಲ್ಕದ ಮೊದಲ ಕಂತು ಅಮ್ಮನೇ ಕಟ್ಟಿದ್ದಾರೆ. ಎಸ್‌ಎಸ್‌ಬಿ ಮುಂದಿನ ತಿಂಗಳು.