ಸ್ಟ್ರಿಂಗ್ ಕ್ವಾರ್ಟೆಟ್‌ನಲ್ಲಿ ನುಡಿಸಿಯೇ ಜೀವನ ನಡೆಸಬಹುದೇ?

ವಿರಾಜಪೇಟೆಯಲ್ಲಿ ವಯೊಲಿನ್ ಕಲಿಯುತ್ತಿರುವ ಮಗಳಿಗಾಗಿ ಕೇಳಿದ್ದೀರಿ. ಸ್ಟ್ರಿಂಗ್ ಕ್ವಾರ್ಟೆಟ್ ಅಂದರೆ ಪಾಶ್ಚಾತ್ಯ ಸಂಗೀತ ನುಡಿಸುವ ನಾಲ್ವರು ತಂತಿವಾದ್ಯಗಾರರ ತಂಡ. ಜೀವನ ನಡೆಸಬಹುದು, ಆದರೆ ಬರೀ ಕ್ವಾರ್ಟೆಟ್‌ನಿಂದ ಬದುಕುವವರು ತುಂಬಾ ಕಡಿಮೆ. ಹೆಚ್ಚಿನವರು ಪಾಠ ಹೇಳುತ್ತಾರೆ, ದೊಡ್ಡ ವಾದ್ಯವೃಂದವಾದ ಆರ್ಕೆಸ್ಟ್ರಾದಲ್ಲೂ ನುಡಿಸುತ್ತಾರೆ.

ಕಾರಣ ಆ ಸಂಗೀತದ ರೀತಿಯಲ್ಲೇ ಇದೆ. ತಂಡದಲ್ಲಿರುವುದು ಎರಡು ವಯೊಲಿನ್, ಒಂದು ವಿಯೋಲಾ (ವಯೊಲಿನ್‌ಗಿಂತ ತುಸು ದೊಡ್ಡದು), ಒಂದು ಚೆಲ್ಲೊ (ಕೂತು ನುಡಿಸುವ ಇನ್ನೂ ದೊಡ್ಡ ವಾದ್ಯ). ಮುಂದೆ ನಿಂತು ನಡೆಸುವ ಕಂಡಕ್ಟರ್ ಇಲ್ಲ. ನಮ್ಮ ಕೊಡಗಿನ ಮದುವೆಗಳ ಕೊಂಬು-ಕೊಟ್ಟು ವಾಲಗದವರ ಹಾಗೆ ಒಬ್ಬರನ್ನೊಬ್ಬರು ನೋಡಿ, ಕೇಳಿಯೇ ಹೊಂದಿಕೊಳ್ಳಬೇಕು. ಪಕ್ಕದವರ ಉಸಿರು, ಬಿಲ್ಲಿನ ಚಲನೆಯೇ ಸನ್ನೆ. ಇದು ಕೈಗೂಡಲು ಅದೇ ನಾಲ್ವರು ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಬೇಕು. ಆ ಗಂಟೆಗಳಿಗೆ ಸಾಮಾನ್ಯವಾಗಿ ಯಾರೂ ಸಂಬಳ ಕೊಡುವುದಿಲ್ಲ. ಸಭಾಂಗಣಗಳೂ ಚಿಕ್ಕವು, ಸಂಭಾವನೆ ನಾಲ್ಕು ಪಾಲಾಗುತ್ತದೆ. ಲಂಡನ್ನಿನ ಅಮಾಡೇಯಸ್ ಕ್ವಾರ್ಟೆಟ್‌ನಲ್ಲಿ 1948ರಿಂದ 1987ರವರೆಗೂ ಅದೇ ನಾಲ್ವರಿದ್ದರು. ವಿಯೋಲಾ ವಾದಕ ತೀರಿಕೊಂಡಾಗ ಉಳಿದವರು ಬೇರೆಯವರನ್ನು ಸೇರಿಸಿಕೊಳ್ಳದೆ ತಂಡವನ್ನೇ ನಿಲ್ಲಿಸಿದರು. ಆ ಹೊಂದಾಣಿಕೆಯನ್ನು ಸುಮ್ನೆ ಇನ್ನೊಬ್ಬರಿಂದ ತುಂಬಲು ಆಗುವುದಿಲ್ಲ, ಅಲ್ವಾ?

ಮಗಳು ಗ್ರೇಡ್ ಪರೀಕ್ಷೆ (ಹಂತ ಹಂತದ ಸಂಗೀತ ಪರೀಕ್ಷೆ) ಕೊಡಲಿ, ಒಳ್ಳೆಯದೇ. ಆದರೆ ಅದು ಜಾಸ್ತಿ ಅಳೆಯುವುದು ಒಬ್ಬರ ನುಡಿಸಾಣಿಕೆಯನ್ನು. ಈಗಿನಿಂದಲೇ ವಾರಕ್ಕೊಮ್ಮೆಯಾದರೂ ಇನ್ನೊಬ್ಬ ವಿದ್ಯಾರ್ಥಿಯ ಜೊತೆ ಕೂತು ಎರಡು ವಯೊಲಿನ್‌ಗೆ ಬರೆದ ಸಣ್ಣ ಕೃತಿಗಳನ್ನು ನುಡಿಸಲಿ.