ಹೊಟ್ಟೆ ತುಂಬಿದರೂ ಮಧ್ಯಾಹ್ನ ಸುಸ್ತೇಕೆ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಬಜ್ಜಿ, ಚಹಾ. 11 ಗಂಟೆಗೆ ಮತ್ತೆ ಚಹಾ. ಎರಡು ಗಂಟೆಗೆ ಡಬ್ಬಿ ತುಂಬ ಅನ್ನ, ಸಾರು, ಕೂಡಲೇ ಇನ್ನೊಂದು ಚಹಾ. ಮೂರು ಗಂಟೆಯಾದರೆ ಮಷಿನ್ ಮುಂದೆ ಕಣ್ಣು ಎಳೆಯುತ್ತದೆ, ಹೊಲಿಗೆ ತಪ್ಪುತ್ತದೆ. ಹೊಟ್ಟೆ ತುಂಬ ಉಣ್ಣುತ್ತೇನೆ, ಆದರೂ ಶಕ್ತಿ ಏಕಿಲ್ಲ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಮನುಷ್ಯರಿಗೆಲ್ಲ ಸ್ವಲ್ಪ ಮಂಪರು ಬರುವುದು ಸಹಜ, ದೇಹದ ಒಳಗಿನ ಗಡಿಯಾರವೇ ಹಾಗಿದೆ. ಆದ್ದರಿಂದ ನಿಮ್ಮನ್ನು ನೀವು ಸೋಮಾರಿ ಎಂದು ಬೈದುಕೊಳ್ಳಬೇಡಿ. ಆದರೆ ಆ ಸಹಜ ಮಂಪರನ್ನು ನಿಮ್ಮ ಊಟದ ಕ್ರಮ ಇಮ್ಮಡಿ ಮಾಡುತ್ತಿದೆ.

ಬೆಳಿಗ್ಗೆಯಿಂದ ನೀವು ತಿಂದದ್ದನ್ನು ಒಮ್ಮೆ ನೋಡಿ. ಮಂಡಕ್ಕಿಯೂ ಅಕ್ಕಿಯೇ, ಮಧ್ಯಾಹ್ನದ ಅನ್ನವೂ ಅಕ್ಕಿಯೇ, ನಡುನಡುವೆ ಬಂದದ್ದು ಚಹಾದ ಸಕ್ಕರೆ. ಮಂಡಕ್ಕಿ ತಟ್ಟೆಯಲ್ಲಿ ಗುಡ್ಡದಂತೆ ಕಂಡರೂ ಅದರಲ್ಲಿ ಹೆಚ್ಚಿನ ಭಾಗ ಗಾಳಿ. ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಅಷ್ಟೇ ಬೇಗ ಇಳಿಯಲು ಬಿಡುತ್ತದೆ. 11 ಗಂಟೆಗೆ ಚಹಾ ಬೇಕೇಬೇಕು ಎನ್ನಿಸುವುದು ಆ ಇಳಿತದ ಹೊತ್ತಿನಲ್ಲಿಯೇ. ಒಗ್ಗರಣೆ ಬಿಡಿ ಎಂದು ನಾನು ಹೇಳಲಾರೆ, ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದನ್ನು ಬಿಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಎರಡು ಮಿರ್ಚಿಯ ಬದಲು ಒಂದು ತಿನ್ನಿ. ಒಗ್ಗರಣೆಗೆ ಪುಟಾಣಿ ಹಿಟ್ಟನ್ನು ಧಾರಾಳವಾಗಿ ಉದುರಿಸಿ, ಒಂದು ಹಿಡಿ ಹುರಿದ ಶೇಂಗಾ ಬೆರೆಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಪ್ರೋಟೀನ್ ಮತ್ತು ನಾರು ಜೊತೆಗಿದ್ದರೆ ಅದೇ ಮಂಡಕ್ಕಿ ನಿಧಾನವಾಗಿ ಕರಗುತ್ತದೆ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಒಂದು ಮೊಟ್ಟೆ ಇನ್ನೂ ಒಳ್ಳೆಯದು.

ಮಧ್ಯಾಹ್ನದ ಡಬ್ಬಿಯ ವಿಷಯದಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ನಮ್ಮ ಅಜ್ಜಿ ಹೊಲಕ್ಕೆ ಒಯ್ಯುತ್ತಿದ್ದ ಬುತ್ತಿಯ ಬಟ್ಟೆಗಂಟು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ: ಮಡಿಸಿದ ಮೂರು ಜೋಳದ ರೊಟ್ಟಿ, ಅವುಗಳ ನಡುವೆ ಗಟ್ಟಿಯಾದ ಮಡಕಿಕಾಳು ಪಲ್ಯ, ಮೂಲೆಯಲ್ಲಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಡೆದು ತಿನ್ನಲು ಒಂದು ಉಳ್ಳಾಗಡ್ಡಿ, ಪಕ್ಕದಲ್ಲಿ ಮಜ್ಜಿಗೆಯ ಗಿಂಡಿ. ಅದನ್ನು ಉಂಡು ಆಕೆ ಹೊತ್ತು ಮುಳುಗುವವರೆಗೆ ಕಳೆ ಕೀಳುತ್ತಿದ್ದಳು. 1950ರ ದಶಕದಲ್ಲಿ ತುಂಗಭದ್ರಾ ಕಾಲುವೆಗಳ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಲ್ಲಿ ಭತ್ತ ತುಂಬಿತು, ಕ್ರಮೇಣ ನಮ್ಮ ತಟ್ಟೆಗಳಲ್ಲಿ ಅನ್ನ ತುಂಬಿತು. ಅನ್ನ ಕೆಟ್ಟದ್ದಲ್ಲ; ಆದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡಿನೊಂದಿಗೆ ನಾರೂ ಬಿ ಜೀವಸತ್ವಗಳ ಬಹುಪಾಲೂ ಹೊರಟುಹೋಗಿರುತ್ತವೆ, ಅದರೊಂದಿಗೆ ತೆಳ್ಳನೆಯ ಸಾರು ಮಾತ್ರ ಇದ್ದರೆ ಕೊರತೆ ತುಂಬುವುದಿಲ್ಲ. ಡಬ್ಬಿಯಲ್ಲಿ ಎರಡು ರೊಟ್ಟಿ, ಗಟ್ಟಿ ಕಾಳು ಪಲ್ಯ ಅಥವಾ ಬೇಳೆ ಹಾಕಿದ ಪುಂಡಿಪಲ್ಯ, ಮೇಲೆ ಸ್ವಲ್ಪವೇ ಅನ್ನ ಇರಲಿ. ಮುಂಜಾನೆ ರೊಟ್ಟಿ ಬಡಿಯಲು ಬಿಡುವಿಲ್ಲದಿದ್ದರೆ ಒಣಗಿಸಿದ ಕಟಗ ರೊಟ್ಟಿ ತಂದಿಟ್ಟುಕೊಳ್ಳಿ, ವಾರಗಟ್ಟಲೆ ಕೆಡುವುದಿಲ್ಲ. ಉಣ್ಣುವಾಗ ಮೊದಲು ಪಲ್ಯ ಮತ್ತು ಕಾಳು, ಕೊನೆಗೆ ಅನ್ನ ಎಂಬ ಕ್ರಮ ಅನುಸರಿಸಿದರೂ ಸಕ್ಕರೆಯ ಏರಿಕೆ ತಗ್ಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ಊಟವಾದ ಕೂಡಲೇ ಕುಡಿಯುವ ಚಹಾ. ಚಹಾದಲ್ಲಿರುವ ಟ್ಯಾನಿನ್, ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ನಿಂಬೆಯ ಸಿ ಜೀವಸತ್ವ ಅದಕ್ಕೆ ವಿರುದ್ಧವಾಗಿ ನೆರವಾಗುತ್ತದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆ ಅಂತರವಿರಲಿ. ನಮ್ಮ ಭಾಗದ ಎಷ್ಟೋ ಹೆಣ್ಣುಮಕ್ಕಳು ರಕ್ತಹೀನತೆಯಿಂದ ಬರುವ ಸುಸ್ತನ್ನೇ ಕೆಲಸದ ದಣಿವು ಎಂದುಕೊಂಡು ವರ್ಷಗಟ್ಟಲೆ ಸಹಿಸುತ್ತಾರೆ. ದಯವಿಟ್ಟು ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯಲ್ಲದ ಮಹಿಳೆಗೆ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಅರ್ಥ, ಆಗ ಊಟದ ಬದಲಾವಣೆಯೊಂದೇ ಸಾಲದು, ವೈದ್ಯರು ಕೊಡುವ ಮಾತ್ರೆಯೂ ಬೇಕಾಗುತ್ತದೆ.

ಪ್ರಶ್ನೆ: ರಾಯಚೂರಿನ ಹತ್ತಿರ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಎಚ್ಚರವಿರಲು ನಾಲ್ಕೈದು ಸಲ ಚಹಾ ಕುಡಿಯುತ್ತೇನೆ, ಮನೆಗೆ ಹೋದರೆ ನಿದ್ದೆ ಬರುವುದಿಲ್ಲ.
— ಓದುಗರು, ರಾಯಚೂರು

ಉತ್ತರ: ಕುಡಿದ ಚಹಾದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಗಳ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ಬೆಳಗಿನ ನಾಲ್ಕಕ್ಕೆ ಕುಡಿದದ್ದು ಒಂಬತ್ತಕ್ಕೆ ಹಾಸಿಗೆಯಲ್ಲಿ ನಿಮ್ಮನ್ನು ಕಾಡುತ್ತಿದೆ. ಪಾಳಿಯ ಮೊದಲ ಅರ್ಧದಲ್ಲಿ ಎರಡು ಕಪ್ ಸಾಕು, ರಾತ್ರಿ ಎರಡು ಗಂಟೆಯ ನಂತರ ನಿಲ್ಲಿಸಿ. ಮುಖ್ಯ ಊಟವನ್ನು ಕೆಲಸಕ್ಕೆ ಹೊರಡುವ ಮೊದಲೇ ಮುಗಿಸಿ, ನಡುರಾತ್ರಿಗೆ ಉಸುಳಿ, ಬಾಳೆಹಣ್ಣು ಅಥವಾ ಮಜ್ಜಿಗೆಯಂಥ ಹಗುರವಾದದ್ದನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಬೇಸಿಗೆಯಲ್ಲಿ ಹೊಲದಿಂದ ಬಂದರೆ ತಲೆ ತಿರುಗುತ್ತದೆ. ಬೋರ್‌ವೆಲ್ ನೀರು ಸವಳು, ಕುಡಿಯಲು ಮನಸ್ಸಾಗುವುದಿಲ್ಲವಾದ್ದರಿಂದ ತಂಪುಪಾನೀಯ ಕುಡಿಯುತ್ತೇನೆ. ಸರಿಯೇ?
— ರೈತರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಸರಿಯಲ್ಲ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಆರೇಳು ಚಮಚ. ಬೆವರಿನಲ್ಲಿ ಹೋದ ಉಪ್ಪನ್ನು ಅದು ತುಂಬಿಕೊಡುವುದೂ ಇಲ್ಲ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬಾಯಾರಿಕೆಗಾಗಿ ಕಾಯದೆ ಅರ್ಧ ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಯಿರಿ. ಊಟಕ್ಕೆ ಉಪ್ಪು, ಜೀರಿಗೆ ಹಾಕಿದ ನೀರು ಮಜ್ಜಿಗೆ ಅಥವಾ ಅಂಬಲಿ ಇರಲಿ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಿರಿ. ನೀರಿನ ಬಗ್ಗೆ ಇನ್ನೊಂದು ಮಾತು: ನಮ್ಮ ಜಿಲ್ಲೆಗಳ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು, ಅದು ಕುದಿಸಿದರೆ ಹೋಗುವುದಿಲ್ಲ. ಕುಡಿಯಲು ಗ್ರಾಮದ ಶುದ್ಧ ನೀರಿನ ಘಟಕದಿಂದಲೇ ತಂದು, ಮಣ್ಣಿನ ಗಡಿಗೆಯಲ್ಲಿ ತುಂಬಿ ಹೊಲಕ್ಕೆ ಒಯ್ಯಿರಿ.

ತಲೆ ತಿರುಗಿದ ದಿನ ನೆರಳಿಗೆ ಬಂದು, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ, ಗುಟುಕು ಗುಟುಕಾಗಿ ಕುಡಿಯಿರಿ. ಇದು ಚಹಾ ಚಮಚದ ಅಳತೆ, ಉಪ್ಪು ಹೆಚ್ಚಾಗಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಿಕೊಂಡಿರಲಿ. ಬೆವರುವುದು ನಿಂತು ಮೈ ಕಾದರೆ, ಮಾತು ತೊದಲಿದರೆ ಅದು ಬಿಸಿಲಾಘಾತ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವಂತೆ ಮನೆಯವರಿಗೆ ಇಂದೇ ಹೇಳಿಡಿ.