ಒಣಗದ ಬಟ್ಟೆ, ನಿಲ್ಲದ ರೈಲು ಮತ್ತು ‘ಏನು ವಿಶೇಷ?’: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಶನಿವಾರ, ಭಾನುವಾರದ ಮಾತೇ ಜಾಸ್ತಿ. ಮಳೆಗಾಲ ಅಲ್ವಾ, ಹೊರಗೆ ತಿರುಗಾಟ ಕಡಿಮೆ, ಮನೆಯೊಳಗಿನ ಸಣ್ಣಪುಟ್ಟ ವಿಷಯಗಳೇ ದೊಡ್ಡದಾಗಿ ಕಾಣುತ್ತವೆ. ಮುಂಬೈನ ಮುಲುಂಡ್‌ನಲ್ಲಿ ಕೂತು ನಾನು ಇದನ್ನು ಬರೆಯುವಾಗಲೂ ಹೊರಗೆ ಜೋರು ಮಳೆ. ಐದು ಪತ್ರಗಳಿಗೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಕಲ್ಯಾಣಕ್ಕೆ ಬಂದು ನಾಲ್ಕು ತಿಂಗಳಾಯಿತು. ಸಿಗುವುದು ಭಾನುವಾರ ಒಂದೇ ರಜೆ, ಅವತ್ತೇ ಮೆಗಾ ಬ್ಲಾಕ್, ಅಂದರೆ ರಿಪೇರಿಗೆ ಅಂತ ಲೋಕಲ್ ರೈಲಿನ ಹಳಿ ಬಂದ್. ಕಳೆದ ವಾರ ನಾಹೂರ್‌ನಲ್ಲಿರುವ ಅತ್ತೆಯ ಮನೆಗೆ ಹೊರಟರೆ ರೈಲು ಅಲ್ಲಿ ನಿಲ್ಲಲೇ ಇಲ್ಲ. ಈ ರಿಪೇರಿಯನ್ನು ರಾತ್ರಿ ಮಾಡಿಕೊಳ್ಳಬಾರದಾ?

ಉತ್ತರ: ರಾತ್ರಿಯೂ ಮಾಡುತ್ತಾರೆ, ಆದರೆ ಇಲ್ಲಿ ರಾತ್ರಿ ಅನ್ನುವುದೇ ಬಹಳ ಚಿಕ್ಕದು. ನಸುಕಿನ ನಾಲ್ಕರ ಸುಮಾರಿಗೆ ಲೋಕಲ್ ಶುರುವಾದರೆ ಕೊನೆಯ ಗಾಡಿ ಮಧ್ಯರಾತ್ರಿ ದಾಟಿದ ಮೇಲೂ ಓಡುತ್ತಿರುತ್ತದೆ. ನಡುವೆ ಸಿಗುವ ಎರಡು ಮೂರು ಗಂಟೆಯಲ್ಲಿ ಹಳಿ, ಮೇಲಿನ ವಿದ್ಯುತ್ ತಂತಿ, ಸಿಗ್ನಲ್ ಎಲ್ಲವನ್ನೂ ನೋಡಿ ಮುಗಿಸಲು ಆಗುವುದಿಲ್ಲ. ಭಾನುವಾರ ಆಫೀಸಿನ ಜನ ಕಡಿಮೆ. ಅದಕ್ಕೇ ಸಾಮಾನ್ಯವಾಗಿ ಬೆಳಿಗ್ಗೆ 11ರ ಆಸುಪಾಸಿನಿಂದ ಸಂಜೆ 4ರವರೆಗೆ ಒಂದು ಕಡೆಯ ಹಳಿ ಬಂದ್ ಇಟ್ಟು ಕೆಲಸ ಮಾಡುತ್ತಾರೆ. ಪಶ್ಚಿಮ ರೈಲ್ವೆಯವರು ಇದನ್ನೇ ಜಂಬೋ ಬ್ಲಾಕ್ ಅನ್ನುತ್ತಾರೆ.

ನಿಮ್ಮ ರೈಲು ನಾಹೂರ್‌ನಲ್ಲಿ ನಿಲ್ಲದೇ ಇದ್ದದ್ದಕ್ಕೆ ಕಾರಣ ಇದೆ. ಸ್ಲೋ ಗಾಡಿ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಫಾಸ್ಟ್ ಗಾಡಿ ಕೆಲವು ಕಡೆ ಮಾತ್ರ. ಸ್ಲೋ ಹಳಿಯಲ್ಲಿ ಕೆಲಸ ಇದ್ದಾಗ ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ಹಾಕುತ್ತಾರೆ. ನಾಹೂರ್, ಕಾಂಜೂರ್‌ಮಾರ್ಗ್, ವಿದ್ಯಾವಿಹಾರ್ ಇಂಥ ಕಡೆ ಆಗ ಗಾಡಿ ನಿಲ್ಲದೆ ಮುಂದೆ ಹೋಗುತ್ತದೆ. ಶನಿವಾರವೇ ಪೇಪರಿನಲ್ಲಿ ಬ್ಲಾಕಿನ ವಿವರ ಬರುತ್ತದೆ, ‘ಸ್ಲೋ’ ಅಂತ ಇದೆಯಾ ‘ಫಾಸ್ಟ್’ ಅಂತ ಇದೆಯಾ ಅದೊಂದನ್ನು ನೋಡಿಕೊಳ್ಳಿ ಸಾಕು. ಸ್ಲೋ ಅಂತ ಇದ್ದರೆ ಮುಲುಂಡ್‌ನಲ್ಲೇ ಇಳಿದು ರಿಕ್ಷಾ ಹಿಡಿಯಿರಿ, ಹತ್ತಿರವೇ. ಇಲ್ಲವಾದರೆ ಬೆಳಿಗ್ಗೆ ಒಂಬತ್ತಕ್ಕೇ ಹೊರಟುಬಿಡಿ, ತಿಂಡಿಗೇ ಬಂದಿರಿ ಅಂತ ನಿಮ್ಮ ಅತ್ತೆಗೂ ಖುಷಿಯಾಗುತ್ತದೆ. ಇನ್ನೊಂದು ಮಾತು. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಥಾಣೆಗೆ, 34 ಕಿಲೋಮೀಟರ್, ಹೋದದ್ದು ನಿಮ್ಮ ಇದೇ ದಾರಿಯಲ್ಲಿ. ಇಷ್ಟು ವರ್ಷದಿಂದ ದಿನಾ ದುಡಿಯುತ್ತಿರುವ ದಾರಿ, ಅದರ ಆರೈಕೆಗೆ ಭಾನುವಾರದ ಐದು ಗಂಟೆ ಕೊಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಡೊಂಬಿವಲಿಯಲ್ಲಿ ಇಬ್ಬರು ಗೆಳತಿಯರ ಜೊತೆ ರೂಮ್ ಮಾಡಿಕೊಂಡಿದ್ದೇನೆ. ಊರು ಶಿರಸಿ ಹತ್ತಿರ, ಅಡಿಕೆ ತೋಟದ ಮನೆ. ಭಾನುವಾರ ರಾತ್ರಿ ಅಮ್ಮ ಫೋನ್ ಮಾಡಿ ‘ಮತ್ತೆ ಏನು ವಿಶೇಷ?’ ಅಂತ ಕೇಳುತ್ತಾರೆ. ‘ಏನಿಲ್ಲ’ ಅನ್ನುತ್ತೇನೆ. ‘ಊಟ ಆಯ್ತಾ?’ ‘ಆಯ್ತು.’ ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ಇಟ್ಟ ಮೇಲೆ ತುಂಬಾ ಬೇಜಾರಾಗುತ್ತದೆ. ಆದರೆ ನಿಜವಾಗಿಯೂ ಏನೂ ಆಗಿರುವುದಿಲ್ಲ. ಶನಿವಾರ ಬಟ್ಟೆ ಒಗೆದೆ, ಭಾನುವಾರ ಮಲಗಿದೆ, ಸಂಜೆ ಕೆಳಗಿಳಿದು ತರಕಾರಿ ತಂದೆ. ಇದನ್ನು ಹೇಳುವುದಾದರೂ ಏನು?

ಉತ್ತರ: ಇದನ್ನೇ ಹೇಳಿ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಅಷ್ಟು ಹತ್ತಿರ ಬಂತು ನನಗೆ.

ಶನಿವಾರ ಬಟ್ಟೆ ಒಗೆದೆ ಅಂತ ಒಂದೇ ಸಾಲಿನಲ್ಲಿ ಬರೆದುಬಿಟ್ಟಿದ್ದೀರಿ. ಈ ಮಳೆಯಲ್ಲಿ ಅದು ಒಣಗಿತಾ? ಎಲ್ಲಿ ಹಾಕಿದಿರಿ? ಮೂವರ ಬಟ್ಟೆ ಒಂದೇ ರೂಮಿನಲ್ಲಿ, ಕಿಟಕಿ ತೆರೆದರೆ ಇರಿಚಲು, ಮುಚ್ಚಿದರೆ ಮುಗ್ಗಲು ವಾಸನೆ, ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ರಾತ್ರಿಯಿಡೀ ಓಡಿಸಿದರೂ ಜೀನ್ಸ್ ಪ್ಯಾಂಟಿನ ಸೊಂಟದ ಪಟ್ಟಿ ಮಾತ್ರ ಒದ್ದೆಯಾಗಿಯೇ ಉಳಿದಿರುತ್ತದೆ, ಸೋಮವಾರ ಬೆಳಿಗ್ಗೆ ಅದಕ್ಕೆ ಇಸ್ತ್ರಿ ಒತ್ತಿ ಒತ್ತಿ ಒಣಗಿಸಿ ಹಾಕಿಕೊಂಡು ಓಡಬೇಕು. ಇದು ನಿಮ್ಮ ಅಮ್ಮನಿಗೆ ಗೊತ್ತಾ? ಅವರ ಮನೆಯಲ್ಲೂ ಈಗ ಇದೇ ಪಾಡು. ಘಟ್ಟದ ಮೇಲೆ ಈ ಎರಡು ತಿಂಗಳು ಬಿಸಿಲೇ ಕಾಣುವುದಿಲ್ಲ, ಬಚ್ಚಲ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಬಟ್ಟೆ ಹರವಿ, ಎಲ್ಲಕ್ಕೂ ಹೊಗೆ ವಾಸನೆ. ನೀವು ಒಂದು ಮಾತು ಎತ್ತಿ ನೋಡಿ, ‘ಅಮ್ಮಾ, ಬಟ್ಟೆ ಒಣಗೋದೇ ಇಲ್ಲ ಇಲ್ಲಿ’ ಅಂತ. ಹತ್ತು ನಿಮಿಷ ಅವರೇ ಮಾತಾಡುತ್ತಾರೆ. ಸೌದೆ ಒದ್ದೆಯಾಗಿದ್ದು, ಕಂಬಳಿಗೆ ಬೂಷ್ಟು ಬಂದದ್ದು, ನೀವು ಚಿಕ್ಕವರಿದ್ದಾಗ ಶಾಲೆಯ ಯೂನಿಫಾರ್ಮನ್ನು ಒಲೆ ಮುಂದೆ ಹಿಡಿದು ಒಣಗಿಸಿ ಕೊಟ್ಟದ್ದು, ಎಲ್ಲ ಬರುತ್ತದೆ.

‘ಏನು ವಿಶೇಷ?’ ಅಂದರೆ ಪ್ರಮೋಷನ್ ಆಯಿತಾ, ಮದುವೆಗೆ ಹುಡುಗ ಸಿಕ್ಕಿದನಾ ಅಂತ ಅಲ್ಲ. ಆ ಎರಡು ದಿನ ನೀವು ಎಲ್ಲಿ ಕೂತಿದ್ದಿರಿ, ಏನು ತಿಂದಿರಿ, ಯಾರ ಹತ್ತಿರ ಮಾತಾಡಿದಿರಿ, ಇದು ಅವರಿಗೆ ಬೇಕು. ನಿಮ್ಮ ರೂಮನ್ನು ಅವರು ಪ್ರಾಯಶಃ ನೋಡಿಯೂ ಇಲ್ಲ.

ನನ್ನ ಕಳೆದ ಭಾನುವಾರದ ಸುದ್ದಿಯನ್ನೇ ಹೇಳುತ್ತೇನೆ. ಕಾಫಿ ಪುಡಿ ಮುಗಿದಿತ್ತು, ಮಾಟುಂಗಾಕ್ಕೆ ಹೋದೆ. ನಾವು ಅಲ್ಲಿ ಕಣ್ಣೆದುರೇ ಬೀಜ ಪುಡಿ ಮಾಡಿಸುತ್ತೇವೆ, ಅರ್ಧ ಕಿಲೋ, ಚಿಕೋರಿ ಸ್ವಲ್ಪವೇ. ಆಗ ತಾನೇ ಯಂತ್ರದಿಂದ ಇಳಿದ ಪುಡಿ ಪೊಟ್ಟಣದಲ್ಲೂ ಬಿಸಿಯಾಗಿರುತ್ತದೆ. ಛತ್ರಿಯ ನೀರು ತಾಗಬಾರದು ಅಂತ ಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಒದ್ದೆ ಸೀರೆಯ ಮೇಲೆ ಆ ಬಿಸಿ ಎಷ್ಟು ಹಿತ ಅನ್ನಿಸಿತು ಅಂದರೆ, ಬ್ಲಾಕಿನಿಂದಾಗಿ ಗಾಡಿ ಕುರ್ಲಾ ದಾಟಿ ನಿಂತುಬಿಟ್ಟರೂ ನನಗೆ ಸಿಟ್ಟು ಬರಲಿಲ್ಲ. ಲೇಡೀಸ್ ಡಬ್ಬಿಯ ತುಂಬ ಪರಿಮಳ. ಎದುರು ಕೂತಿದ್ದ ಮರಾಠಿ ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದರು, ‘ಕಾಫೀ ಆಹೇ ಕಾ?’ ಹೌದು ಅಂದೆ. ಅವರ ಮನೆಯಲ್ಲಿ ಚಹಾ ಮಾತ್ರವಂತೆ. ಆದರೆ ಮೊದಲು ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಇದ್ದಾಗ ಪಕ್ಕದ ಖೋಲಿಯಲ್ಲಿ ನಮ್ಮ ಕಡೆಯ ಒಂದು ಸಂಸಾರ ಇತ್ತಂತೆ. ಆ ಮನೆಯ ಹೆಂಗಸು ಪ್ರತಿ ಭಾನುವಾರ ಸ್ಟೀಲ್ ಲೋಟದಲ್ಲಿ ಕಾಫಿ ತಂದು, ಬಟ್ಟಲಿಗೆ ಎತ್ತರದಿಂದ ಸುರಿದು ನೊರೆ ಬರಿಸಿ ಕೊಡುತ್ತಿದ್ದರಂತೆ. ಅಜ್ಜಿ ಸುಮ್ನೆ ಕೈ ಎತ್ತಿ, ಹೀಗೆ, ಇಷ್ಟೆತ್ತರ, ಅಂತ ಸುರಿದು ತೋರಿಸಿದರು. ಘಾಟ್‌ಕೋಪರ್‌ನಲ್ಲಿ ಇಳಿದು ಹೋದರು.

ಅಷ್ಟೇ. ರಾತ್ರಿ ಸಾಗರದಲ್ಲಿರುವ ತಂಗಿಗೆ ಇದನ್ನು ಹೇಳಿದೆ. ಅಜ್ಜಿ ಉಟ್ಟದ್ದು ಒಂಬತ್ತು ಗಜದ ನೌವಾರಿ ಸೀರೆಯಾ, ಆ ಸಂಸಾರ ಯಾವ ಊರಿನವರಂತೆ, ನೀನು ಯಾಕೆ ಕೇಳಲಿಲ್ಲ ಅಂತ ಅರ್ಧ ಗಂಟೆ ನನ್ನನ್ನು ಬಿಡಲಿಲ್ಲ.

ನೀವೂ ಹೀಗೆ ಒಂದೇ ಒಂದು ಸಂಗತಿ ತೆಗೆದುಕೊಳ್ಳಿ, ಅದನ್ನು ಪೂರ್ತಿ ಹೇಳಿ. ತರಕಾರಿಯವನು ಕೊತ್ತಂಬರಿ ಸೊಪ್ಪು ಪುಕ್ಕಟೆ ಹಾಕಿಕೊಟ್ಟನಾ, ಇಲ್ಲ ಅಂದನಾ, ಅದಾದರೂ ಸರಿ. ನೀವೂ ಅವರನ್ನು ಬಿಡಿಸಿ ಕೇಳಿ. ‘ಹೇಗಿದ್ದೀರಿ?’ ಅಂದರೆ ‘ಆರಾಮು’ ಅಂತಲೇ ಉತ್ತರ. ‘ತೋಟಕ್ಕೆ ಮದ್ದು ಹೊಡೆದದ್ದು ಆಯಿತಾ? ಕೊನೆಗೌಡ (ಮರ ಹತ್ತಿ ಮದ್ದು ಹೊಡೆಯುವವನು) ಸಿಕ್ಕಿದನಾ? ಹೊಡೆದ ದಿನ ಮಳೆ ಹೊಳವು ಕೊಟ್ಟಿತಾ?’ ಅಂತ ಕೇಳಿ. ಅಡಿಕೆಯ ಕೊಳೆರೋಗದ ಚಿಂತೆಯಲ್ಲಿರುವ ಮನೆಗೆ ಇವತ್ತು ಇದಕ್ಕಿಂತ ಬೇರೆ ಮಾತು ಬೇಡ. ಆಮೇಲೆ ಭಾನುವಾರ ರಾತ್ರಿ ಹತ್ತಕ್ಕೆ, ನಾಳೆಯ ಆಫೀಸು ತಲೆಯಲ್ಲಿರುವಾಗ ಬೇಡ. ಶನಿವಾರ ಮಧ್ಯಾಹ್ನ ಬಟ್ಟೆ ಹರವುತ್ತಾ ನೀವೇ ಮಾಡಿ.

ಪ್ರಶ್ನೆ: ಭಾನುವಾರದ ಇಡ್ಲಿ ಹಿಟ್ಟು ಒಂದು ವಾರ ಉಕ್ಕಿ ಚೆಲ್ಲಿ ಹುಳಿಯಾಗುತ್ತದೆ, ಇನ್ನೊಂದು ವಾರ ಚೆನ್ನಾಗಿರುತ್ತದೆ. ಏನು ಮಾಡಲಿ? (ಥಾಣೆಯಿಂದ)

ಉತ್ತರ: ಮಿಕ್ಸಿ ಬಿಸಿಯಾಗಿ ಹಿಟ್ಟೂ ಬಿಸಿಯಾಗುತ್ತದೆ, ಫ್ರಿಜ್ಜಿನ ತಣ್ಣೀರು ಹಾಕಿ ರುಬ್ಬಿ. ನಮ್ಮ ಸೆಕೆಗೆ ಸಂಜೆ ಆರಕ್ಕೇ ರುಬ್ಬಿಟ್ಟರೆ ಬೆಳಗಾಗುವ ಹೊತ್ತಿಗೆ ಜಾಸ್ತಿಯಾಯಿತು, ರಾತ್ರಿ ಹತ್ತಕ್ಕೆ ರುಬ್ಬಿ. ಪಾತ್ರೆ ಅರ್ಧ ಮಾತ್ರ ತುಂಬಲಿ. ಉಬ್ಬಿದ ಕೂಡಲೇ ಫ್ರಿಜ್ಜಿಗಿಡಿ. ಹುಳಿಯೇ ಆಗಿಹೋದರೆ ಇಡ್ಲಿಯ ಆಸೆ ಬಿಟ್ಟು ಈರುಳ್ಳಿ, ಹಸಿಮೆಣಸು ಹೆಚ್ಚಿ ಉತ್ತಪ್ಪ ಮಾಡಿ, ಸ್ವಲ್ಪ ಹುಳಿ ಇದ್ದರೇ ಅದು ರುಚಿ.

ಪ್ರಶ್ನೆ: ಭಾಯಂದರ್‌ನಲ್ಲಿದ್ದೇವೆ. ಒಂಬತ್ತು ವರ್ಷದ ಮಗ ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಭಾನುವಾರ ಕೂರಿಸಿದರೆ ‘ಇನ್ನೊಂದು ಭಾಷೆಯಾ?’ ಅಂತ ಎದ್ದು ಓಡುತ್ತಾನೆ.

ಉತ್ತರ: ಭಾಷೆ ಅವನಿಗೆ ಆಗಲೇ ಬರುತ್ತದೆ, ಬೇಕಾದದ್ದು ಅಕ್ಷರ ಮಾತ್ರ. ಅದನ್ನು ಅವನಿಗೂ ಹೀಗೆಯೇ ಹೇಳಿ. ಅಕ್ಷರದಲ್ಲೂ ಅರ್ಧ ಕೆಲಸ ಮರಾಠಿ ಟೀಚರ್ ಮಾಡಿಕೊಟ್ಟಿದ್ದಾರೆ. ಕ ಖ ಗ ಘ, ಚ ಛ ಜ ಝ, ಸಾಲು ಎರಡರಲ್ಲೂ ಒಂದೇ. ಹಿಂದಿ ಪಾಠದಲ್ಲಿ ಕಾಣದ ‘ಳ’ ಕೂಡ ಮರಾಠಿಯಲ್ಲಿ ಇದೆ. ಹೊಸದಾಗಿ ಕಲಿಯಬೇಕಾದ ಸ್ವರ ಅಂದರೆ ಹ್ರಸ್ವ ಎ ಮತ್ತು ಒ, ಅಷ್ಟೇ. ‘ಎಲೆ’ಗೂ ‘ಏಲಕ್ಕಿ’ಗೂ ವ್ಯತ್ಯಾಸ ಅವನ ಕಿವಿಗೆ ಗೊತ್ತು, ಕಣ್ಣಿಗೆ ತೋರಿಸಿ.

ಪುಸ್ತಕದಿಂದ ಶುರು ಮಾಡಬೇಡಿ. ಅವನ ಕೈಗೆ ಹತ್ತು ರೂಪಾಯಿಯ ನೋಟು ಕೊಡಿ. ಒಂದು ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಹದಿನೈದು ಭಾಷೆಗಳ ಪಟ್ಟಿ ಇರುತ್ತದೆ, ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. ‘ನಮ್ಮದು ಯಾವುದು, ಹುಡುಕು’ ಅನ್ನಿ. ಆಮೇಲೆ ಇಪ್ಪತ್ತರದ್ದು, ಐವತ್ತರದ್ದು. ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗಿಗೆ ನಾನು ಹೀಗೆ ತೋರಿಸಿದ್ದೆ, ಮೂಗಿಗೆ ತಾಗುವ ಹಾಗೆ ನೋಟು ಹಿಡಿದು ‘ಹ... ಹತ್‌... ಹತ್ತು!’ ಅಂತ ಕೂಗಿದಳು.

ಒತ್ತಕ್ಷರ ಅವರಿಗೆ ಕಷ್ಟ, ಯಾಕೆಂದರೆ ಮರಾಠಿಯ ಅರ್ಧ ಅಕ್ಷರ ಪಕ್ಕದಲ್ಲಿ ಕೂರುತ್ತದೆ, ನಮ್ಮದು ಕೆಳಗೆ. ಇದಕ್ಕೆ ಮನೆಯವರನ್ನೇ ಬಳಸಿ. ಅಕ್ಕ, ಅಪ್ಪ, ಅಜ್ಜ, ಅಣ್ಣ, ಇವುಗಳಲ್ಲಿ ಒತ್ತು ಹೆಚ್ಚುಕಡಿಮೆ ಅದೇ ಅಕ್ಷರದ ಹಾಗೇ ಇದೆ, ಮೊದಲು ಇವು. ಅಮ್ಮ, ಅತ್ತೆ ಬರೆಯುವಾಗ ಒತ್ತಿನ ಆಕಾರವೇ ಬೇರೆ, ಅವರಿಬ್ಬರನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳಿ. ದಿನಕ್ಕೆ ಹದಿನೈದು ನಿಮಿಷ ದಾಟಬೇಡಿ. ಆಮೇಲೆ ಊರಿನಲ್ಲಿರುವ ಅಜ್ಜಿಗೆ ಅವನ ಕೈಯಿಂದಲೇ ಒಂದು ಸಾಲು ಮೆಸೇಜ್ ಬರೆಸಿ, ತಪ್ಪಿದ್ದರೂ ತಿದ್ದದೆ ಕಳಿಸಿ. ಅಜ್ಜಿಯಿಂದ ಬರುವ ಉತ್ತರ ಅವನೇ ಓದಬೇಕಲ್ಲ!

ಪ್ರಶ್ನೆ: ನಿವೃತ್ತನಾಗಿ ಚೆಂಬೂರಿನಲ್ಲಿ ಮಗನ ಮನೆಗೆ ಬಂದಿದ್ದೇನೆ. ವಾರವೆಲ್ಲ ಹೇಗೋ ಕಳೆಯುತ್ತದೆ. ಭಾನುವಾರ ಮಗ, ಸೊಸೆ ದಣಿದು ಮಲಗಿರುತ್ತಾರೆ, ಅವರನ್ನು ಎಬ್ಬಿಸಲು ಮನಸ್ಸಿಲ್ಲ. ಬಾಯಿ ತುಂಬ ಕನ್ನಡ ಮಾತಾಡಿ ತಿಂಗಳಾಯಿತು.

ಉತ್ತರ: ಸರ್, ಅವರು ಮಲಗಿರಲಿ, ನೀವು ಮಾಟುಂಗಾಕ್ಕೆ ಬಸ್ಸು ಹತ್ತಿ. ಚೆಂಬೂರಿನಿಂದ ದೂರವಿಲ್ಲ. ಪೂರ್ವದ ಕಡೆ ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ, 1926ರಲ್ಲಿ ಶುರುವಾದದ್ದು. ಕನ್ನಡದ ಕಾರ್ಯಕ್ರಮ ಯಾವತ್ತು ಇದೆ ಅಂತ ಒಳಗೆ ಹೋಗಿ ಕೇಳಿಕೊಂಡು ಬನ್ನಿ, ಮೊದಲ ದಿನ ಅಷ್ಟೇ ಸಾಕು. ಅಲ್ಲಿಂದ ಮಾರ್ಕೆಟ್ಟಿನ ಕಡೆ ನಡೆಯಿರಿ. ಬಾಳೆ ಎಲೆ, ಮಲ್ಲಿಗೆ ದಂಡೆ, ವೀಳ್ಯದೆಲೆ, ಊರಿನ ಸಂತೆಯಲ್ಲಿ ಸಿಗುವುದೆಲ್ಲ ಒಂದೇ ಬೀದಿಯಲ್ಲಿ ಕಾಣುತ್ತದೆ. ರಸ್ತೆ ಜಾರುತ್ತದೆ, ಚಪ್ಪಲಿ ನೋಡಿಕೊಂಡು ಹಾಕಿ.

ಮಧ್ಯಾಹ್ನದ ಊಟಕ್ಕೆ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ಇದೆ, ಮಹಡಿ ಹತ್ತಬೇಕು. ಬಾಳೆ ಎಲೆಯ ಊಟ ಕೇಳಿ ಹಾಕಿಸಿಕೊಳ್ಳಿ. ಭಾನುವಾರ ಜನ ಜಾಸ್ತಿ, ಕಾಯಬೇಕಾಗುತ್ತದೆ. ಕಾಯಿರಿ. ಕೈಯಲ್ಲಿ ಒಂದು ಕನ್ನಡ ಪೇಪರ್ ಹಿಡಿದುಕೊಂಡು ನಿಂತಿರಿ, ಪಕ್ಕದಲ್ಲಿ ನಿಂತವರು ಹೆಡ್‌ಲೈನ್ ನೋಡಿ ತಾವಾಗಿಯೇ ಕೇಳುತ್ತಾರೆ, ‘ನಿಮ್ಮದು ಯಾವ ಊರಾಯ್ತು?’